ಮುದ್ರೆ ಎಷ್ಟರಮಟ್ಟಿಗೆ ಸಾಕ್ಷಿ? ವಾಗ್ಗೇಯಕಾರರ ಕುರಿತ ಒಗಟುಗಳ ಮೇಲೆ ಒಂದು ಟಿಪ್ಪಣಿ

1. ವ್ಯಾಪ್ತಿ

ಶಾಸ್ತ್ರೀಯ ಸಂಗೀತದ ರಸಿಕರು ಒಬ್ಬರಿಗೊಬ್ಬರು ಒಡ್ಡುವ ಒಗಟುಗಳು ಬಹುಮಟ್ಟಿಗೆ ನಾಲ್ಕು ಬಗೆಯವು: ಕೃತಿ ಯಾರದು, ಮುದ್ರೆ ಯಾರದು, ರಾಗ ಯಾವುದು, ವಾಗ್ಗೇಯಕಾರರ ಕಾಲ ಯಾವುದು. ಬೊಮ್ಮಸಂದ್ರದಂಥ ಊರಿನಲ್ಲಿ ಈ ಆಟಕ್ಕೆ ತನ್ನದೇ ಆದ ಲಕ್ಷಣವಿದೆ. ಹೊಸೂರು ರಸ್ತೆಯ ಈ ಕೈಗಾರಿಕಾ ಪ್ರದೇಶದಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳ ಮನೆಮಾತಿನವರು ಒಟ್ಟಿಗೆ ಕೆಲಸ ಮಾಡುತ್ತಾರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ಮೆಟ್ರೋ ಸಂಚಾರ ಆರಂಭವಾದ ಮೇಲೆ ಜಯನಗರ, ಬಸವನಗುಡಿ ಕಡೆಯ ಕಛೇರಿಗಳಿಗೆ ಹೋಗಿಬರುವುದೂ ಸುಲಭವಾಗಿದೆ. ಸಾಹಿತ್ಯದ ಭಾಷೆಯಿಂದ ಕರ್ತೃವನ್ನು ಊಹಿಸುವ ಪ್ರವೃತ್ತಿ ಇಂಥ ಬಹುಭಾಷಾ ಕೂಟಗಳಲ್ಲಿ ಸಹಜ. ಆ ಊಹೆ ಎಷ್ಟು ನಿಲ್ಲುತ್ತದೆ, ಮುದ್ರೆಯ ಆಧಾರ ಎಷ್ಟು ಗಟ್ಟಿ ಎಂಬುದನ್ನು ಕೆಲವು ಉದಾಹರಣೆಗಳ ಮಿತಿಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ. ಹಿಂದುಸ್ತಾನಿ ಚೀಜುಗಳನ್ನು ಪರಿಗಣಿಸಿಲ್ಲ.

2. ಮುದ್ರೆಯ ಸ್ಥಾನ

ಮೈಸೂರು ವಾಸುದೇವಾಚಾರ್ಯರ (1865–1961) ಮುದ್ರೆ ‘ವಾಸುದೇವ’. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯಲ್ಲಿ ಅದು ಚರಣದಲ್ಲಿ, ಗಜೇಂದ್ರನನ್ನು ಕಾಪಾಡಿದ ಪ್ರಸಂಗದ ಜೊತೆಗೆ, ದೇವರ ಹೆಸರಾಗಿಯೇ ಹೆಣೆದುಕೊಂಡಿದೆ. ಪರಿಚಯವಿಲ್ಲದ ಕಿವಿಗೆ ಅದು ಮುದ್ರೆ ಎಂದು ತೋರದಿರಬಹುದು. ಕೃತಿಯ ಭಾಷೆ ತೆಲುಗು, ಸಂಬೋಧನೆ ರಾಮನಿಗೆ. ಇವೆರಡನ್ನಷ್ಟೇ ಗಮನಿಸಿದವರು ತ್ಯಾಗರಾಜರ ಹೆಸರು ಹೇಳುವ ಸಂಭವ ಹೆಚ್ಚು.

ಇದಕ್ಕೆ ವಿರುದ್ಧವಾದ ಉದಾಹರಣೆ ಕಲ್ಯಾಣಿ ರಾಗದ ‘ವಾಸುದೇವಯನಿ’. ಇಲ್ಲಿ ಹೆಸರು ಪಲ್ಲವಿಯ ಆರಂಭದಲ್ಲೇ ಇದೆ. ಆದರೆ ಕೃತಿ ತ್ಯಾಗರಾಜರದು, ಅವರ ‘ಪ್ರಹ್ಲಾದ ಭಕ್ತಿ ವಿಜಯ’ ಗೇಯನಾಟಕದಲ್ಲಿ ದ್ವಾರಪಾಲಕನ ಪ್ರವೇಶಕ್ಕೆ ಸಂಬಂಧಿಸಿದ್ದು. ಆದ್ದರಿಂದ ಮುದ್ರೆಯ ಪದ ಕೃತಿಯಲ್ಲಿ ‘ಇದೆ’ ಎಂಬುದು ಸಾಲದು. ಅದು ಎಲ್ಲಿದೆ, ಬೇರೊಬ್ಬರ ಮುದ್ರೆ ಜೊತೆಗಿದೆಯೇ ಎಂಬುದನ್ನೂ ನೋಡಬೇಕು.

ಜಯಚಾಮರಾಜೇಂದ್ರ ಒಡೆಯರ (1919–1974) ಸಂಸ್ಕೃತ ಕೃತಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅವರ ಮುದ್ರೆ ‘ಶ್ರೀವಿದ್ಯಾ’. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಅವರ ಪ್ರಸಿದ್ಧ ಕೃತಿ. ಆದರೆ ಶ್ರೀವಿದ್ಯೆ ಒಂದು ಉಪಾಸನಾ ಪದ್ಧತಿಯ ಹೆಸರೂ ಹೌದು, ಮುತ್ತುಸ್ವಾಮಿ ದೀಕ್ಷಿತರೂ ಅದರ ಉಪಾಸಕರು. ಆ ಪದವೊಂದನ್ನೇ ಸುಳಿವಾಗಿ ಕೊಟ್ಟು ಒಡೆಯರ ಹೆಸರನ್ನು ನಿರೀಕ್ಷಿಸುವುದು ನ್ಯಾಯವಲ್ಲ. ದೀಕ್ಷಿತರ ‘ಗುರುಗುಹ’ ಇದೆಯೇ ಇಲ್ಲವೇ ಎಂಬುದು ಅಂಥಲ್ಲಿ ಹೆಚ್ಚು ನೆರವಾಗುತ್ತದೆ.

3. ಹಂಚಿಕೆಯಾದ ಹೆಸರುಗಳು

‘ವೆಂಕಟೇಶ’ ಎಂಬ ಮುದ್ರೆಯನ್ನು ತ್ಯಾಗರಾಜರ ಶಿಷ್ಯ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರಿಗೂ ಅವರ ಶಿಷ್ಯ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಿಗೂ ಹೇಳಲಾಗುತ್ತದೆ. ವಾಸುದೇವಾಚಾರ್ಯರು ಪಟ್ಣಂ ಅವರ ಶಿಷ್ಯರು. ಹೀಗೆ ಒಂದೇ ಗುರುಪರಂಪರೆಯ ಅನುಕ್ರಮದ ಎರಡು ತಲೆಮಾರುಗಳಲ್ಲಿ ಒಂದೇ ಹೆಸರು ಕಾಣುವುದರಿಂದ, ಮುದ್ರೆಯೊಂದರಿಂದಲೇ ಕರ್ತೃವನ್ನು ನಿಶ್ಚಯಿಸುವುದು ಕಷ್ಟ.

‘ಸದಾಶಿವ’ ಮೈಸೂರು ಸದಾಶಿವರಾಯರ ಮುದ್ರೆ. ಹೆಸರಿನ ಸಾಮ್ಯದಿಂದ ಸದಾಶಿವ ಬ್ರಹ್ಮೇಂದ್ರರನ್ನು ನೆನೆಯುವವರುಂಟು. ಆದರೆ ಅವರ ಕೀರ್ತನೆಗಳ ಮುದ್ರೆ ‘ಪರಮಹಂಸ’.

ಹರಿದಾಸರಲ್ಲಿ ಅಂಕಿತದ ಮೊದಲ ಭಾಗವೇ ನಿರ್ಣಾಯಕ. ಶ್ರೀಪಾದರಾಜರು ‘ರಂಗವಿಠ್ಠಲ’, ಪುರಂದರದಾಸರು ‘ಪುರಂದರವಿಠ್ಠಲ’, ವಿಜಯದಾಸರು ‘ವಿಜಯವಿಠ್ಠಲ’, ಗೋಪಾಲದಾಸರು ‘ಗೋಪಾಲವಿಠ್ಠಲ’, ಜಗನ್ನಾಥದಾಸರು ‘ಜಗನ್ನಾಥವಿಠ್ಠಲ’. ‘ವಿಠ್ಠಲ’ ಎಂಬಷ್ಟನ್ನೇ ಕೇಳಿ ಪುರಂದರದಾಸರೆಂದು ಉತ್ತರಿಸುವುದು ಅವಸರ. ವ್ಯಾಸರಾಯರದು ಇನ್ನೂ ಸೂಕ್ಷ್ಮ: ಅವರ ಅಂಕಿತ ‘ಶ್ರೀಕೃಷ್ಣ’; ಆ ಹೆಸರು ಬಾರದ ದಾಸರ ಸಂಗ್ರಹವೇ ವಿರಳ. ವಾದಿರಾಜರ ‘ಹಯವದನ’, ಕನಕದಾಸರ ‘ಕಾಗಿನೆಲೆಯಾದಿಕೇಶವ’, ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ತಿರುಮಕೂಡಲಿನ ಸಂಗಮದಿಂದ ಪಡೆದ ‘ತ್ರಿಮಕುಟ’ ಇವು ಅಷ್ಟು ಗೊಂದಲಕ್ಕೆ ಎಡೆಕೊಡುವುದಿಲ್ಲ.

4. ಭಾಷೆ

ಭಾಷೆಯ ಸಾಕ್ಷ್ಯ ಎಲ್ಲಕ್ಕಿಂತ ದುರ್ಬಲವೆಂದು ತೋರುತ್ತದೆ. ಕನ್ನಡ ನಾಡಿನ ವಾಸುದೇವಾಚಾರ್ಯರ ರಚನೆಗಳು ಮುಖ್ಯವಾಗಿ ತೆಲುಗು ಮತ್ತು ಸಂಸ್ಕೃತದಲ್ಲಿವೆ. ತಮಿಳುನಾಡಿನಿಂದ ಮೈಸೂರು ಆಸ್ಥಾನಕ್ಕೆ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಚಾಮುಂಡೇಶ್ವರಿಯನ್ನು ಕುರಿತ 108 ಕೃತಿಗಳ ಗುಚ್ಛವನ್ನು ರಚಿಸಿದರು. ಅವರ ಮುದ್ರೆ ‘ಹರಿಕೇಶ’. ಮೋಹನಕಲ್ಯಾಣಿ ರಾಗದ ‘ಭುವನೇಶ್ವರಿಯ’ ಅವರ ಕನ್ನಡ ಕೃತಿಗಳಲ್ಲಿ ಇಂದಿಗೂ ಹೆಚ್ಚು ಕೇಳಿಬರುವಂಥದು. ಆ ರಾಗವೂ ಅವರ ಸೃಷ್ಟಿಯೆಂದು ಹೇಳಲಾಗುತ್ತದೆ. ಆಸ್ಥಾನದ ಭಾಷೆ, ಗುರುವಿನ ಭಾಷೆ, ಮನೆಮಾತು ಈ ಮೂರೂ ಬೇರೆಯಾಗಿರುವುದು ಈ ಪರಂಪರೆಯಲ್ಲಿ ಅಪವಾದವಲ್ಲ.

5. ರಾಗ ಮತ್ತು ಸಂಖ್ಯೆ

ತ್ರಿಮೂರ್ತಿಗಳ ಹಾಗೂ ಅವರ ನಂತರದವರ ಕೃತಿಗಳಲ್ಲಿ ರಾಗದ ಪ್ರಶ್ನೆ ಸಾಮಾನ್ಯವಾಗಿ ಸುರಕ್ಷಿತ. ದೇವರನಾಮಗಳಲ್ಲಿ ಹಾಗಲ್ಲ. ಅವುಗಳ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ, ಈಗಿನ ರಾಗಗಳು ಹೆಚ್ಚಾಗಿ ನಂತರದ ಗಾಯಕರ ಆಯ್ಕೆ. ಆದ್ದರಿಂದ ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾಕಲ್ಯಾಣಿಯಲ್ಲಿದೆ ಎಂಬುದಕ್ಕಿಂತ, ಇಂದು ಸಾಮಾನ್ಯವಾಗಿ ಆ ರಾಗದಲ್ಲಿ ಹಾಡುತ್ತಾರೆ ಎಂಬುದು ಸರಿಯಾದ ನಿರೂಪಣೆ. ಪುರಂದರದಾಸರ ರಚನೆಗಳು 4,75,000 ಎಂಬುದಕ್ಕೂ ಇದೇ ಮಾತು: ಅದು ಸಂಪ್ರದಾಯ ಹೇಳುವ ಸಂಖ್ಯೆ. ದೊರೆತಿರುವುದು ಅದರ ಅತ್ಯಲ್ಪ ಭಾಗ.

6. ಒಂದು ಜನ್ಮದಿನಾಂಕ

ದೀಕ್ಷಿತರ ಜನನವನ್ನು 1775ರ ಮಾರ್ಚ್ 24 ಎಂದು ಕೆಲವರೂ 1776 ಎಂದು ಕೆಲವರೂ ಬರೆಯುತ್ತಾರೆ. ಸಾಂಪ್ರದಾಯಿಕ ಉಲ್ಲೇಖದಲ್ಲಿ ಮೂರು ಅಂಶಗಳಿವೆ: ಮನ್ಮಥ ಸಂವತ್ಸರ, ಪಂಗುಣಿ ಮಾಸ, ಕೃತ್ತಿಕಾ ನಕ್ಷತ್ರ. ಇವನ್ನು ಒಂದೊಂದಾಗಿ ಪರೀಕ್ಷಿಸಬಹುದು.

(ಅ) ಸೌರಮಾನದಲ್ಲಿ ಮನ್ಮಥ ಸಂವತ್ಸರ ಆರಂಭವಾದದ್ದು 1775ರ ಏಪ್ರಿಲ್‌ನಲ್ಲಿ. 1775ರ ಮಾರ್ಚ್ ಇನ್ನೂ ಅದರ ಹಿಂದಿನ ಜಯ ಸಂವತ್ಸರಕ್ಕೆ ಸೇರುತ್ತದೆ.

(ಆ) ಪಂಗುಣಿ ತಮಿಳು ವರ್ಷದ ಕೊನೆಯ ತಿಂಗಳು. ಆದ್ದರಿಂದ ಮನ್ಮಥದ ಪಂಗುಣಿ ಬರುವುದು 1776ರ ಮಾರ್ಚ್–ಏಪ್ರಿಲ್‌ನಲ್ಲಿ.

(ಇ) ಸ್ಥೂಲ ಗಣನೆಯಂತೆ 1776ರಲ್ಲಿ ಮಾರ್ಚ್ 20ರ ಆಸುಪಾಸಿನಲ್ಲಿ ಅಮಾವಾಸ್ಯೆ. ಅಲ್ಲಿಂದ ನಾಲ್ಕೈದು ದಿನಕ್ಕೆ, ಅಂದರೆ 24ರ ಸುಮಾರಿಗೆ, ಚಂದ್ರ ಕೃತ್ತಿಕೆಯ ಬಳಿ ಇರಬೇಕು. 1775ರ ಅದೇ ತಾರೀಖಿಗೆ ಅಮಾವಾಸ್ಯೆ ಇನ್ನೂ ಒಂದು ವಾರ ದೂರ. ಚಂದ್ರ ಕೃತ್ತಿಕೆಯಿಂದ ಬಹಳ ಆಚೆ.

ಮೂರೂ ಅಂಶಗಳು 1776ಕ್ಕೇ ಹೊಂದುತ್ತವೆ. ಸಂವತ್ಸರದ ಆರಂಭದ ಇಸವಿಯನ್ನೇ ಇಡೀ ಸಂವತ್ಸರಕ್ಕೆ ಹಾಕಿದ್ದರಿಂದ 1775 ಬಂದಿರಬಹುದು. ಇದು ಊಹೆ; ಆದರೆ ವರ್ಷಾಂತ್ಯದ ಮಾಸಗಳ ತಾರೀಖುಗಳಲ್ಲಿ ಇಂಥ ಒಂದು ವರ್ಷದ ವ್ಯತ್ಯಾಸ ಅಪರೂಪವಲ್ಲ. ಮೇಲಿನ ತೀರ್ಮಾನವೂ ಸಾಂಪ್ರದಾಯಿಕ ಉಲ್ಲೇಖ ಸರಿಯಿದ್ದರೆ ಮಾತ್ರ ನಿಲ್ಲುತ್ತದೆ.

7. ಪಾಶ್ಚಾತ್ಯ ಸಂಗೀತದಿಂದ ಒಂದು ಹೋಲಿಕೆ

ಕೀಬೋರ್ಡ್ ಕಲಿಯುವ ಮಕ್ಕಳು ಮೊದಮೊದಲು ನುಡಿಸುವ ಜಿ ಮೇಜರ್ ಮಿನುಯೆಟ್ ಬಹುಕಾಲ ಬಾಖ್‌ನ ಹೆಸರಿನಲ್ಲಿತ್ತು. ಅದು ಅವನ ಪತ್ನಿ ಅನ್ನಾ ಮ್ಯಾಗ್ಡಲೀನಾಳ 1725ರ ಪುಸ್ತಕದಲ್ಲಿ ಕರ್ತೃವಿನ ಹೆಸರಿಲ್ಲದೆ ಬರೆದಿಟ್ಟ ರಚನೆ. ಅದು ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನದೆಂದು 1970ರ ದಶಕದಲ್ಲಿ ಗುರುತಿಸಲಾಯಿತು. ಅಲ್ಲಿ ತಪ್ಪಿಗೆ ಕಾರಣ ಹೆಸರು ಇಲ್ಲದಿರುವುದು. ನಮ್ಮಲ್ಲಿ ಹಲವೊಮ್ಮೆ ಹೆಸರು ಇರುವುದೇ. ಎರಡೂ ಕಡೆ ಪರಿಹಾರ ಒಂದೇ: ಕೃತಿ ಯಾವ ಹಸ್ತಪ್ರತಿಯಿಂದ, ಯಾವ ಪಾಠಾಂತರದಿಂದ ಬಂತೆಂದು ನೋಡುವುದು.

8. ನಿಲುವು

ಮುದ್ರೆ ಪ್ರಬಲ ಸಾಕ್ಷಿ, ಆದರೆ ಏಕಾಂಗಿಯಾಗಿ ಪೂರ್ಣ ಸಾಕ್ಷಿಯಲ್ಲ. ಮೇಲಿನ ಉದಾಹರಣೆಗಳ ಮಿತಿಯಲ್ಲಿ ಸಾಕ್ಷ್ಯಗಳ ಬಲವನ್ನು ಈ ಕ್ರಮದಲ್ಲಿ ಇರಿಸಬಹುದು: ಶಿಷ್ಯಪರಂಪರೆಯಲ್ಲಿ ಬಂದ ಮುದ್ರಿತ ಪಾಠ; ಚರಣದಲ್ಲಿರುವ, ಬೇರೆಯವರೊಡನೆ ಹಂಚಿಕೆಯಾಗದ ಮುದ್ರೆ; ಹಂಚಿಕೆಯಾದ ಮುದ್ರೆ; ರಾಗ; ಕೊನೆಗೆ ಭಾಷೆ. ದೀಕ್ಷಿತರ ಕೃತಿಗಳ ಮಟ್ಟಿಗೆ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ (1904) ಮೊದಲು ತೆರೆಯಬೇಕಾದ ಗ್ರಂಥ. ಒಗಟು ಕಟ್ಟುವವರು ಉತ್ತರದ ಜೊತೆಗೆ ಆಧಾರವನ್ನೂ ಬರೆದಿಟ್ಟುಕೊಳ್ಳುವುದು ಒಳಿತು. ಎರಡು ಆಧಾರಗಳು ಭಿನ್ನವಾದಲ್ಲಿ ಎರಡೂ ಉತ್ತರಗಳಿಗೆ ಅಂಕ ಕೊಟ್ಟು, ಆ ಭಿನ್ನತೆಯನ್ನೇ ಮುಂದಿನ ಪ್ರಶ್ನೆಯಾಗಿ ಕೇಳಬಹುದು.