ದಿನಾ ಅದೇ ಪೋಸ್ಟರ್ ಹಾಕಿದರೆ ಯಾರು ನೋಡ್ತಾರೆ? ಅಂಗಡಿಯವರಿಗೆ ಫೋಟೊ, ವಿಡಿಯೊ ಮಾಹಿತಿ

ಬಾಗಲಕೋಟೆ ಜಿಲ್ಲೆಯ ಯಾವ ಊರಿನ ವಾಟ್ಸ್‌ಆ್ಯಪ್ ಗ್ರೂಪ್ ತೆರೆದರೂ ಅಂಗಡಿಯವರ ಪೋಸ್ಟ್ ಹೆಚ್ಚುಕಮ್ಮಿ ಒಂದೇ ನಮೂನೆ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಕೆಳಗೆ ಅಂಗಡಿ ಹೆಸರು, ಫೋನ್ ನಂಬರ್. ಹಬ್ಬ ಬಂದರೆ ದೇವರ ಚಿತ್ರ, ಅದೇ ಹೆಸರು, ಅದೇ ನಂಬರ್. ಮೂರನೇ ದಿನಕ್ಕೆ ಜನ ನೋಡದೇ ಬೆರಳು ಸರಿಸಿ ಮುಂದೆ ಹೋಗ್ತಾರೆ. ಅಂಗಡಿಯಲ್ಲಿ ಒಳ್ಳೆ ಮಾಲು ಇದ್ದರೂ ಗಿರಾಕಿಗೆ ಅದು ಕಾಣೋದೇ ಇಲ್ಲ.

ಗಿರಾಕಿಯ ಮನಸ್ಸಿನಲ್ಲಿ ಇರೋದು ಒಂದೇ ಪ್ರಶ್ನೆ ಅಲ್ಲ. ಏನು ಸಿಗುತ್ತೆ, ರೇಟ್ ಎಷ್ಟು, ಮಾಲು ಖರೇನಾ, ಉಟ್ಟರೆ ಹೆಂಗ ಕಾಣುತ್ತೆ, ಅಂಗಡಿ ಎಲ್ಲಿದೆ. ಒಂದೊಂದು ಪ್ರಶ್ನೆಗೂ ಒಂದೊಂದು ಥರದ ಚಿತ್ರ ಬೇಕು. ನಮ್ಮ ಜಿಲ್ಲೆಯದೇ ಉದಾಹರಣೆಯಾಗಿ ಇಳಕಲ್ ಸೀರೆ ಅಂಗಡಿ ತೆಗೆದುಕೊಳ್ಳೋಣ.

ಸೀರೆ ಮಡಚಿ ಇಟ್ಟ ಫೋಟೊ ಎಲ್ಲರೂ ಹಾಕ್ತಾರೆ. ಅದರಲ್ಲಿ ಬಣ್ಣ, ದಡಿ ಕಾಣುತ್ತೆ, ಅಷ್ಟೇ. ಆದರೆ ಇಳಕಲ್ ಸೀರೆಯ ಗುರುತು ಇರೋದು ಸೆರಗಿನಲ್ಲಿ. ಒಡಲಿನ ಹಾಸು ನೂಲನ್ನೂ ಸೆರಗಿನ ಹಾಸು ನೂಲನ್ನೂ ಕುಣಿಕೆ ಹಾಕಿ ಜೋಡಿಸುವ ಟೋಪ ತೆನಿ ಪದ್ಧತಿ ಇದರ ವಿಶೇಷ. ಸಾಂಪ್ರದಾಯಿಕ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು ಪಟ್ಟಿ ಬರುತ್ತೆ. ಈ ಜೋಡಣೆಯ ಜಾಗವನ್ನು ಹತ್ತಿರದಿಂದ ತೆಗೆದ ಒಂದು ಫೋಟೊ ಹಾಕಿ ನೋಡ್ರಿ. ಬೆಂಗಳೂರು, ಪುಣೆಯಲ್ಲಿ ಕೂತು ಸೀರೆ ಹುಡುಕುವವರು ಮೊದಲು ಕೇಳೋದೇ ಇದನ್ನು.

ಫೋಟೊ ತೆಗೆಯುವಾಗ ಒಂದು ತೊಂದರೆ ಇದೆ. ದಟ್ಟ ಕೆಂಪು ಬಣ್ಣ ಮೊಬೈಲ್ ಕ್ಯಾಮೆರಾಗೆ ಸರಿಯಾಗಿ ಸಿಗಲ್ಲ, ನೇಯ್ಗೆ ಎಲ್ಲ ಕಲಸಿಹೋಗಿ ಬರೀ ಕೆಂಪು ಮುದ್ದೆ ಥರ ಬರುತ್ತೆ. ಇದಕ್ಕೆ ಟ್ಯೂಬ್‌ಲೈಟ್ ಕೆಳಗೆ ತೆಗೆಯೋದು ಬಿಟ್ಟು ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಹಾಸಿ. ಪರದೆ ಮೇಲೆ ಸೆರಗಿನ ಜಾಗಕ್ಕೆ ಬೆರಳು ಒತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ರೇಷ್ಮೆಗೆ ಫ್ಲ್ಯಾಶ್ ಬೇಡ, ಹೊಳಪು ಹೊಡೆದು ಬಿಳಿ ಕಲೆ ಬೀಳುತ್ತೆ. ತೆಗೆಯೋ ಮುಂಚೆ ಲೆನ್ಸ್ ಒರೆಸಿ. ಎಣ್ಣೆ ಕೈ, ಬೆವರು ಕೈ ತಾಗಿ ಮಸುಕಾದ ಲೆನ್ಸ್‌ನಿಂದಲೇ ಎಷ್ಟೋ ಫೋಟೊ ಕೆಡುತ್ತವೆ, ಬೈಗುಳ ಮಾತ್ರ ಮೊಬೈಲ್‌ಗೆ.

ವಿಡಿಯೊ ಮಾತು ಬೇರೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆಯ್ತು, ಜುಲೈನಲ್ಲೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಹಳ್ಳಿಯ ಹುಡುಗರೂ ಈಗ ಅಲ್ಲೇ ಇದ್ದಾರೆ. ರೀಲ್ಸ್‌ಗೆ ಮೊಬೈಲ್ ನೆಟ್ಟಗೆ ಹಿಡಿದು ತೆಗೆಯಬೇಕು, ಅಡ್ಡ ಹಿಡಿದರೆ ಮೇಲೆ ಕೆಳಗೆ ಖಾಲಿ ಬೀಳುತ್ತೆ. ಮಗ್ಗದ ಲಾಳಿ ಓಡೋದು, ಸೀರೆ ಬಿಚ್ಚಿ ಸೆರಗು ಹಾರಿಸೋದು, ಇಪ್ಪತ್ತು ಸೆಕೆಂಡ್ ಸಾಕು. ಮಗ್ಗದ ಸಪ್ಪಳವನ್ನು ಹಾಗೇ ಬಿಡಿ, ಅದಕ್ಕಿಂತ ಒಳ್ಳೆ ಹಿನ್ನೆಲೆ ಸಂಗೀತ ಇಲ್ಲ. ಸಿನಿಮಾ ಹಾಡು ಹಾಕೋಕೆ ಹೋದರೆ ತಕರಾರು. ಇನ್‌ಸ್ಟಾಗ್ರಾಮ್‌ನ ಬಿಸಿನೆಸ್ ಖಾತೆಗೆ ಸಾಮಾನ್ಯವಾಗಿ ಸಿನಿಮಾ ಹಾಡು ಸಿಗಲ್ಲ, ವ್ಯಾಪಾರಕ್ಕೆ ಅನುಮತಿ ಇರುವ ಸಂಗೀತ ಮಾತ್ರ ಸಿಗುತ್ತೆ. ಸ್ವಂತ ಖಾತೆಯಲ್ಲಿ ಹಾಕಿ ಅಂಗಡಿ ಪ್ರಚಾರ ಮಾಡಿದರೂ ಹಾಡಿನ ಹಕ್ಕು ಇದ್ದವರು ತಕರಾರು ಮಾಡಬಹುದು, ವಿಡಿಯೊದ ದನಿ ಬಂದ್ ಆಗಬಹುದು.

ಹತ್ತು ಬಣ್ಣದ ಸೀರೆ ಬಂದಿದ್ದರೆ ಹತ್ತು ಪೋಸ್ಟ್ ಹಾಕಿ ಜನರ ತಲೆ ತಿನ್ನಬೇಡಿ. ಒಂದರ ಪಕ್ಕ ಒಂದು ಸರಿಸಿ ನೋಡುವಂತೆ ಒಂದೇ ಪೋಸ್ಟ್‌ನಲ್ಲಿ ಹಾಕಬಹುದು. ಇವತ್ತು ಬಂದ ಮಾಲು, ಇವತ್ತಿನ ರಿಯಾಯಿತಿ ಅಂದರೆ ಸ್ಟೇಟಸ್ ಸರಿ, 24 ಗಂಟೆಗೆ ತಾನೇ ಹೋಗುತ್ತೆ. ಆದರೆ ವಾಟ್ಸ್‌ಆ್ಯಪ್ ಸ್ಟೇಟಸ್ ಕಾಣಬೇಕಾದರೆ ಅವರ ನಂಬರ್ ನಿಮ್ಮಲ್ಲಿ, ನಿಮ್ಮ ನಂಬರ್ ಅವರಲ್ಲಿ ಸೇವ್ ಇರಬೇಕು. ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ರಿ" ಅಂತ ಹೇಳೋದು ಒಳ್ಳೇದು. ಯಾವಾಗಲೂ ಇರುವ ಮಾಲಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಇದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಫೋಟೊ ಜತೆ ಬೆಲೆ ಬರೆದಿಡಿ. "ರೇಟ್‌ಗೆ ಮೆಸೇಜ್ ಮಾಡಿ" ಅನ್ನೋ ಚಾಳಿ ಬಿಟ್ಟರೆ ಎಷ್ಟೋ ಗಿರಾಕಿ ಉಳೀತಾರೆ. ಬೆಲೆ ಕೇಳೋಕೆ ಸಂಕೋಚಪಡುವವರೇ ಜಾಸ್ತಿ.

ಇನ್ನೊಂದು ಗಂಭೀರ ವಿಷಯ. ಹೋಲ್‌ಸೇಲ್‌ನವರು ಕಳಿಸಿದ ಫೋಟೊ, ಗೂಗಲ್‌ನಿಂದ ತೆಗೆದ ಚಿತ್ರ ಹಾಕಿ, ಅಂಗಡಿಯಲ್ಲಿ ಬೇರೆ ಮಾಲು ತೋರಿಸುವುದು ನಡೀತಾ ಇದೆ. ಪವರ್‌ಲೂಮ್ ಸೀರೆಗೆ ಕೈಮಗ್ಗ ಅಂತ ಬರೆಯುವುದೂ ಇದೆ. ಪವರ್‌ಲೂಮ್ ಮಾರುವುದು ತಪ್ಪಲ್ಲ, ಕಡಿಮೆ ಬೆಲೆಗೆ ಬೇಕು ಅನ್ನುವವರು ಇದ್ದಾರೆ. ಯಾವುದು ಯಾವುದು ಅಂತ ಫೋಟೊ ಕೆಳಗೆ ಬರೆಯಿರಿ, ಕೈಮಗ್ಗದ ಗುರುತಿನ ಚೀಟಿ ಇದ್ದರೆ ಅದನ್ನೂ ಫೋಟೊದಲ್ಲಿ ತೋರಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ. ಮೊಬೈಲ್‌ನಲ್ಲಿ ಹಾಕುವ ಜಾಹೀರಾತೂ ಜಾಹೀರಾತೇ. ದಂಡದ ಮಾತು ಹಾಗಿರಲಿ, ಮೋಸಹೋದ ಗಿರಾಕಿ ಬಯ್ಯೋದು ಒಬ್ಬ ಅಂಗಡಿಯವನಿಗಲ್ಲ, ಇಡೀ ಇಳಕಲ್‌ಗೆ. ಅದರ ಪೆಟ್ಟು ಕೊನೆಗೆ ಬೀಳೋದು ಮಗ್ಗದ ಮುಂದೆ ಕೂತವರ ಮೇಲೆ.

ಸೀರೆ ಉಟ್ಟ ಗಿರಾಕಿಯ ಫೋಟೊ ಎಲ್ಲ ಪೋಸ್ಟರ್‌ಗಿಂತ ಮೇಲು. ಮದುವೆಯಲ್ಲಿ ಉಟ್ಟವರು ಖುಷಿಯಿಂದಲೇ ಕಳಿಸ್ತಾರೆ. ಆದರೂ ಹಾಕುವ ಮುಂಚೆ ಕೇಳಿ, ಅವರು ಒಪ್ಪಿದ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ. ಮಕ್ಕಳ ಮುಖ ಬೇಡ.

ಬೇರೆ ಅಂಗಡಿಗಳಿಗೂ ಇದೇ ಲೆಕ್ಕ, ಚಿತ್ರ ಮಾತ್ರ ಬೇರೆ. ಟೇಲರ್ ಆದರೆ ಗುಳೇದಗುಡ್ಡದ ಖಣದ ತುಂಡು ಒಂದು ಫೋಟೊ, ಹೊಲಿದ ಕುಪ್ಪಸ ಇನ್ನೊಂದು. ಬೈಕ್ ಮೆಕ್ಯಾನಿಕ್ ಆದರೆ ಸವೆದ ಚೈನ್, ಪಕ್ಕದಲ್ಲಿ ಹೊಸದು. ಖಾನಾವಳಿಯವರು ಹಂಚಿನ ಮೇಲೆ ರೊಟ್ಟಿ ಉಬ್ಬೋದನ್ನು ತೆಗೆದರೆ ಸಾಕು, ಬರಹವೇ ಬೇಡ. ಬನಶಂಕರಿ ಜಾತ್ರೆ ಟೈಮಲ್ಲಿ ಬಾದಾಮಿ ಕಡೆಯವರು ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅನ್ನೋದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಚಿತ್ರ ಮಾಡಿ ಹಾಕಿ. ಒಂದು ಚಿತ್ರಕ್ಕೆ ಒಂದೇ ವಿಷಯ, ಹತ್ತು ಸಾಲು ತುರುಕಿದರೆ ಯಾರೂ ಓದಲ್ಲ.

ಎಷ್ಟು ಸಲ ಹಾಕಬೇಕು ಅಂತ ಕೇಳ್ತಾರೆ. ವಾರಕ್ಕೆ ಮೂರು ಸಾಕು, ಮೂರೂ ಬೇರೆ ಬೇರೆ ಇರಲಿ: ಒಂದು ಮಾಲಿನದು, ಒಂದು ಕೆಲಸದ್ದು, ಒಂದು ಗಿರಾಕಿಯದು. ಮೆಸೇಜ್ ಕಳಿಸಿದವರಿಗೆ "ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ತಿಂಗಳಲ್ಲಿ ಯಾವ ಥರದ ಪೋಸ್ಟ್‌ನಿಂದ ವ್ಯಾಪಾರ ಆಯ್ತು ಗೊತ್ತಾಗುತ್ತೆ. ಲೈಕ್ ಎಣಿಸೋದರಿಂದ ಗೊತ್ತಾಗಲ್ಲ.

ಹೊರಗಿನ ಊರಿನವರಿಗಾಗಿ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿ, ಇದೂ ಪುಕ್ಕಟೆ. ಅಲ್ಲಿ ಒಳಗಿನ ಅಲಂಕಾರಕ್ಕಿಂತ ಮೊದಲು ರಸ್ತೆಯಿಂದ ಕಾಣುವ ಬೋರ್ಡಿನ ಫೋಟೊ ಹಾಕಿ, ಪಕ್ಕದ ಗುಡಿನೋ ಬ್ಯಾಂಕೋ ಕಾಣುವಂತೆ. ಬೋರ್ಡ್ ಬದಲಾದ ದಿನವೇ ಫೋಟೊನೂ ಬದಲಿಸಿ.