ಸಾಕ್ಷಿ ಯಾರು ಹೇಳಬೇಕು?

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಹೆಸರಿನಲ್ಲೇ ಸಂತೆ ಇದೆ. ಸಂತೆ ಎಂದ ಮೇಲೆ ತಕ್ಕಡಿ, ತಕ್ಕಡಿ ಎಂದ ಮೇಲೆ ತಕರಾರು, ತಕರಾರು ಎದ್ದರೆ ‘ಸಾಕ್ಷಿ ಯಾರದಾರ?’ ಎಂಬ ಪ್ರಶ್ನೆ. ಹೊಲದ ಬದು ಒತ್ತುವರಿಯಾದಾಗ, ಕೈಗಡ ಕೊಟ್ಟ ದುಡ್ಡು ತಿರುಗಿ ಬರದಿದ್ದಾಗ, ಎತ್ತಿನ ವ್ಯಾಪಾರದ ಮಾತು ಮುರಿದಾಗ ರಾಯಚೂರು ಸೀಮೆಯ ಕಟ್ಟೆಗಳ ಮೇಲೆ ಮೊದಲು ಕೇಳಿಬರುವುದು ಇದೇ ಪ್ರಶ್ನೆ. ಯಾರೂ ನೋಡಿಲ್ಲವೆಂದಾದರೆ ಕೊನೆಗೆ ‘ದೇವರೇ ಸಾಕ್ಷಿ’. ಅಲ್ಲಿಗೆ ನ್ಯಾಯ ಮೇಲಿನ ಕೋರ್ಟಿಗೆ ಹೋದಂತೆ.

ಪಾಣಿನಿ ಈ ಪದಕ್ಕಾಗಿಯೇ ಒಂದು ಸೂತ್ರ ಬರೆದಿದ್ದಾನೆ. ಸಾಕ್ಷಾತ್ ನೋಡಿದವನು ಯಾರೋ ಅವನೇ ಸಾಕ್ಷಿ. ಹಳೆಗನ್ನಡದಲ್ಲಿ ಅದು ‘ಸಕ್ಕಿ’ಯಾಗಿ ತಿರುಗಾಡಿತು. ಪದದ ಬೇರು ಕಣ್ಣಿನಲ್ಲಿದೆ, ನಾಲಿಗೆಯಲ್ಲಿಲ್ಲ. ಕಾನೂನು ಕೂಡ ಈ ಬೇರನ್ನು ಬಿಟ್ಟಿಲ್ಲ. 1872ರ ಸಾಕ್ಷ್ಯ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದರೂ ಮೂಲ ನಿಯಮ ಅದೇ: ಕಂಡ ಸಂಗತಿಯನ್ನು ಕಂಡವನೇ ಬಂದು ಹೇಳಬೇಕು. ‘ಅವರು ಹಿಂಗಂದರಂತ’ ಎಂಬುದು ಸಾಕ್ಷಿಕಟ್ಟೆಯಲ್ಲಿ ನಿಲ್ಲುವುದಿಲ್ಲ.

ವೇದಾಂತಿಗಳ ಕೈಯಲ್ಲಿ ಸಾಕ್ಷಿ ಬೇರೆಯೇ ಆಯಿತು. ಅದ್ವೈತದಲ್ಲಿ ಅದು ಎಲ್ಲವನ್ನೂ ನೋಡುತ್ತ, ಯಾವುದರಲ್ಲೂ ತೊಡಗದೆ ಉಳಿಯುವ ಅರಿವು. ಗೋಪಾಲಕೃಷ್ಣ ಅಡಿಗರು 1962ರಲ್ಲಿ ತಮ್ಮ ಪತ್ರಿಕೆಗೆ ಈ ಹೆಸರಿಟ್ಟರು, ಎಸ್.ಎಲ್. ಭೈರಪ್ಪನವರು 1986ರಲ್ಲಿ ಕಾದಂಬರಿಗೆ ಇಟ್ಟರು. ‘ನಾಡಿನ ಸಾಕ್ಷಿಪ್ರಜ್ಞೆ’ ಎಂಬುದು ಇಂದು ಶ್ರದ್ಧಾಂಜಲಿ ಭಾಷಣಗಳಲ್ಲಿ ಸವೆದುಹೋದ ಮಾತು. ಜನರ ಬಾಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾತೊಂದಿದೆ, ‘ಸಾಕ್ಷಿಗುಡ್ಡೆ’. ಮನುಷ್ಯ ಹೋದ ಮೇಲೂ ಅವನು ಮಾಡಿದ್ದಕ್ಕೆ ಗುರುತಾಗಿ ಉಳಿಯುವುದು. ಈ ಪದವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಕನ್ನಡ ಕ್ರೈಸ್ತರ ಮನೆಗಳಲ್ಲಿ ‘ಸಾಕ್ಷಿ’ ದಿನಬಳಕೆಯ ಮಾತು. ಪ್ರಾರ್ಥನಾಕೂಟದಲ್ಲಿ ಒಬ್ಬರು ಎದ್ದು ನಿಂತು, ತಮ್ಮ ಬದುಕಿನಲ್ಲಿ ದೇವರು ಏನು ಮಾಡಿದನೆಂದು ಹೇಳಿದರೆ ಅದು ‘ಸಾಕ್ಷಿ ಹೇಳುವುದು’. ನಂಬಿಕೆಗಾಗಿ ಪ್ರಾಣ ಕೊಟ್ಟವರು ‘ರಕ್ತಸಾಕ್ಷಿ’ಗಳು. ಇದರ ಹಿಂದೆ ಗ್ರೀಕಿನ ‘ಮಾರ್ತುಸ್’ ಇದೆ. ಮೊದಲಿಗೆ ಅದು ನ್ಯಾಯಾಲಯದಲ್ಲಿ ಕಂಡದ್ದನ್ನು ಹೇಳುವವನ ಹೆಸರಷ್ಟೇ. ಆದಿ ಕ್ರೈಸ್ತರು ತಾವು ಕಂಡದ್ದನ್ನು ಹೇಳಿದ್ದಕ್ಕೆ ಕೊಲೆಯಾಗುತ್ತ ಬಂದಂತೆ, ಹೇಳುವವನ ಹೆಸರೇ ಸಾಯುವವನ ಹೆಸರಾಯಿತು. ಗ್ರೀಕಿನಲ್ಲಿ ಒಂದೇ ಪದ ಹೊತ್ತ ಎರಡು ಅರ್ಥಗಳನ್ನು ಕನ್ನಡ ‘ರಕ್ತ’ವೆಂಬ ಒಂದು ಮಾತು ಕೂಡಿಸಿ ಬಿಡಿಸಿತು. ಹಾಗಾಗಿ ರಕ್ತ ಸುರಿಸದೆಯೂ ಸಾಕ್ಷಿಯಾಗಿರಬಹುದೆಂಬ ತಿಳಿವು ಕನ್ನಡದ ಪದದೊಳಗೇ ಉಳಿದಿದೆ.

ಈ ಸೀಮೆಗೆ ಆ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿರುವ ಕಥೋಲಿಕ ಚರ್ಚು 1557ಕ್ಕೂ ಹಿಂದಿನದೆಂದು ಗೆಜೆಟಿಯರುಗಳು ಹೇಳುತ್ತವೆ. ಆಗ ಅಲ್ಲಿ ಬಿಜಾಪುರದ ಆದಿಲಶಾಹಿ ಆಳ್ವಿಕೆ. ಅದಾಗಿ ಎರಡೂವರೆ ಶತಮಾನದ ಮೇಲೆ, 1810ರಲ್ಲಿ, ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ಕ್ಕೆ. ಅಷ್ಟು ಹೊತ್ತಿಗೆ ನಮ್ಮ ಕಟ್ಟೆಗಳಲ್ಲಿ, ಶಾಸನಗಳಲ್ಲಿ, ಗಾದೆಗಳಲ್ಲಿ ಪಳಗಿದ್ದ ‘ಸಾಕ್ಷಿ’ ಅನುವಾದಕರ ಕೈಗೆ ಸಿದ್ಧವಾಗಿ ಸಿಕ್ಕಿತು.

ಸುಳ್ಳುಸಾಕ್ಷಿ ಹೇಳಬಾರದೆಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳ ಎಣಿಕೆಯಲ್ಲಿ ಒಂಬತ್ತನೆಯದು. ಅಂಕಿ ಬೇರೆಯಾದರೂ ಆಜ್ಞೆ ಒಂದೇ. ಅದು ನೆರೆಯವನ ಬಗ್ಗೆ ಸುಳ್ಳುಸಾಕ್ಷಿ ಬೇಡ ಎನ್ನುತ್ತದೆ. ಅಂದರೆ ಅಲ್ಲಿ ಪಕ್ಕದ ಮನೆಯವನು ಇದ್ದೇ ಇದ್ದಾನೆ. ಅವನಿಲ್ಲದೆ ಈ ಪದಕ್ಕೆ ಕೆಲಸವಿಲ್ಲ.

ಒಂದು ತೊಡಕಿದೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು, ಜನ ನಿಮ್ಮ ಒಳ್ಳೆಯ ಕೆಲಸಗಳನ್ನು ಕಾಣುವಂತೆ ಬಾಳಿರಿ ಎನ್ನುತ್ತಾನೆ. ಅದೇ ಬೆಟ್ಟದ ಮೇಲಿನ ಪ್ರಸಂಗ ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ, ಜನ ನೋಡಲೆಂದು ಧರ್ಮಕಾರ್ಯ ಮಾಡಬೇಡಿರಿ ಎಂದು ಎಚ್ಚರಿಸುತ್ತಾನೆ. ಎರಡನ್ನೂ ಒಟ್ಟಿಗೆ ಹೇಗೆ ನಡೆಸುವುದು? ಮಾಡುವವನ ಮನಸ್ಸು ನೋಡುವವರ ಕಡೆ ಇರಬಾರದು, ಆದರೆ ನೋಡುವವರ ಕಣ್ಣಿಗೆ ಕೆಲಸ ಬೀಳದಿರುವಷ್ಟು ಅವನು ಅಡಗಿಯೂ ಇರಬಾರದು. ‘ನಾನು ನೀತಿವಂತ’ ಎಂದು ಹೇಳಿಕೊಂಡ ಗಳಿಗೆಯಲ್ಲೇ ಸಾಕ್ಷಿ ಕೆಟ್ಟಿತು. ಹೇಳಬೇಕಾದವರು ಬೇರೆ.

ಮಾತಿಗಿಂತ ನಡತೆಯಿಂದ ಸಾರಬೇಕೆಂಬ ಒಂದು ಹೇಳಿಕೆ ಅಸ್ಸಿಸಿಯ ಫ್ರಾನ್ಸಿಸರ ಹೆಸರಲ್ಲಿ ಎಲ್ಲೆಡೆ ಓಡಾಡುತ್ತದೆ. ಜನ ಹೇಳುವ ರೂಪದಲ್ಲಿ ಅದು ಅವರ ಬರಹಗಳಲ್ಲಿ ಸಿಗುವುದಿಲ್ಲ. ಆದರೆ 1221ರ ನಿಯಮಾವಳಿಯ ಹದಿನೇಳನೆಯ ಅಧ್ಯಾಯದಲ್ಲಿ, ಸಹೋದರರೆಲ್ಲರೂ ತಮ್ಮ ಕೆಲಸಗಳಿಂದ ಬೋಧಿಸಲಿ ಎಂಬ ಆಶಯ ಇರುವುದು ನಿಜ. 1975ರಲ್ಲಿ ಪೋಪ್ ಆರನೆಯ ಪೌಲರೂ ಇದೇ ಕಡೆ ಬಂದರು: ಈ ಕಾಲದ ಜನ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಕಿವಿಗೊಡುತ್ತಾರೆ, ಬೋಧಕರ ಮಾತು ಕೇಳಿದರೂ ಅವರು ಸಾಕ್ಷಿಗಳಾಗಿರುವ ಕಾರಣಕ್ಕೆ ಎಂದರು.

ಸುವಾರ್ತೆಗಳಲ್ಲಿ ಸಂತೆಯವರಿಗೆ ತಟ್ಟನೆ ಅರ್ಥವಾಗುವ ವ್ಯಕ್ತಿ ಸುಂಕದ ಜಕ್ಕಾಯ. ಕುಳ್ಳ, ಸಿರಿವಂತ, ಊರಿಗೆ ಬೇಡವಾದವನು. ಯೇಸು ಅವನ ಮನೆಗೆ ಬಂದ ದಿನ ಅವನು ಸ್ತೋತ್ರ ಹಾಡಲಿಲ್ಲ, ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಅವನ ಮನಸ್ಸು ತಿರುಗಿದ್ದು ಮೊದಲು ಕಂಡದ್ದು ದುಡ್ಡು ಕಳೆದುಕೊಂಡವರ ಕೈಯಲ್ಲಿ.

ಸಿಂಧನೂರು–ಲಿಂಗಸುಗೂರು ಕಡೆಯಲ್ಲಿ ಜಕ್ಕಾಯನ ಲೆಕ್ಕ ಎಲ್ಲೆಲ್ಲಿ ಬರುತ್ತದೆಂದು ಹುಡುಕಿಕೊಂಡು ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗದ ಹೊಲಗಳಿಗೆ ಮುಟ್ಟುವುದಿಲ್ಲವೆಂಬುದು ದಶಕಗಳ ಕೂಗು. ಮೇಲಿನವನು ಪಂಪು ಹಚ್ಚಿ ಎತ್ತಿದ ನೀರು ಕೆಳಗಿನವನ ಭತ್ತ. ರಾತ್ರಿ ಎರಡು ಗಂಟೆಗೆ ತೂಬಿನ ಬಳಿ ಯಾರೂ ಇರುವುದಿಲ್ಲ. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದವನು ಸೋಮವಾರ ರಾತ್ರಿ ಆ ತೂಬನ್ನು ಮುಟ್ಟದೆ ಮನೆಗೆ ಬಂದರೆ, ಕೆಳಗಿನ ಹೊಲದವನಿಗೆ ಬೆಳಿಗ್ಗೆ ನೀರು ಕಾಣುತ್ತದೆ. ಅವನು ಯಾವ ದೇವರಿಗೆ ಕೈಮುಗಿಯುತ್ತಾನೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ತೂಕ, ಕೂಲಿ, ಬಡ್ಡಿಯ ಮಾತೂ ಹೀಗೆಯೇ. ಹತ್ತಿ ಬಿಡಿಸಿದ ಹೆಣ್ಣುಮಕ್ಕಳಿಗೆ ಕೂಲಿಯನ್ನು ಅಂದೇ ಕೊಟ್ಟನೋ, ನಾಲ್ಕು ಸಲ ಅಲೆಸಿದನೋ? ಕೇರಿಯ ಮಗುವನ್ನು ಜಾತಿ ಕೇಳದೆ ಕಟ್ಟೆ ಮೇಲೆ ಕೂರಿಸಿದನೋ? ಮನುಷ್ಯನ ನಂಬಿಕೆ ಇಂಥ ಕಡೆ ಒರೆಗೆ ಬೀಳುತ್ತದೆ.

ಇಂಥ ತಿಳಿವು ಕ್ರೈಸ್ತರೊಬ್ಬರದೇ ಅಲ್ಲ ಎಂಬುದಕ್ಕೆ ಇದೇ ನೆಲ ಸಾಕ್ಷಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಬರಹದಲ್ಲಿ ಅಶೋಕನ ಹೆಸರಿತ್ತು. ಅದರ ಸಾರ: ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಅದರ ಫಲ ದಕ್ಕುತ್ತದೆ, ದೊಡ್ಡವರಿಗಷ್ಟೇ ಎಂದು ಯಾರೂ ತಿಳಿಯಬಾರದು. ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದು ಒಕ್ಕಲುತನವನ್ನು ಶಿವಯೋಗದ ಪಕ್ಕದಲ್ಲೇ ಕೂರಿಸಿದರು. ಮಠದ ಗುರು ಹೊಲದ ಪುಸ್ತಕ ಬರೆದ ಊರಿನಲ್ಲಿ, ದೇವರನ್ನು ದುಡಿಮೆಯಲ್ಲಿ ತೋರಿಸು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಕನ್ನಡದಲ್ಲಿ ಈ ಮಾತಿಗೆ ಪೂರ್ತಿ ಒಪ್ಪುವ ಒಂದು ಬಾಳನ್ನು ತೋರಿಸಬೇಕೆಂದರೆ ಉತ್ತಂಗಿ ಚನ್ನಪ್ಪನವರದನ್ನು ತೋರಿಸಬೇಕು. 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಪಾದ್ರಿಯಾದವರು ಊರೂರು ತಿರುಗಿ ಕೂಡಿಹಾಕಿದ್ದು ಸರ್ವಜ್ಞನ ತ್ರಿಪದಿಗಳನ್ನು. ಅಜ್ಜಿಯರ ಬಾಯಲ್ಲಿ, ಹಳೆಯ ಕೈಬರಹಗಳಲ್ಲಿ ಚದುರಿದ್ದವು 1924ರಲ್ಲಿ ಪುಸ್ತಕವಾದವು. ಸಿದ್ಧರಾಮ, ಮೋಳಿಗೆಯ ಮಾರಯ್ಯರ ವಚನಗಳ ಮೇಲೂ ದುಡಿದರು, ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕವನ್ನೂ ಬರೆದರು. ಆ ‘ವಿನಂತಿ’ ಎಂಬ ಪದವನ್ನು ಗಮನಿಸಬೇಕು. ಅದು ಗೆಲ್ಲಲು ಹೊರಟವನ ಮಾತಲ್ಲ, ಪಕ್ಕದ ಮನೆಯ ಬಾಗಿಲು ಬಡಿಯುವವನ ಮಾತು. ತನ್ನ ನಂಬಿಕೆಯಲ್ಲಿ ಗಟ್ಟಿ ನಿಂತವನು ನೆರೆಯವನ ನಿಧಿಯನ್ನು ಇಷ್ಟು ಪ್ರೀತಿಯಿಂದ ಕಾಯಬಲ್ಲ ಎಂಬುದನ್ನು ಅವರು ವಾದಿಸಿ ಹೇಳಲಿಲ್ಲ, ಮಾಡಿ ಇಟ್ಟರು. ಸಾಕ್ಷಿಗುಡ್ಡೆ ಎಂದರೆ ಇದು. ಕನ್ನಡಿಗರು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿದರು. ಅವರ ಪರವಾಗಿ ಸಾಕ್ಷಿ ನುಡಿದವರಲ್ಲಿ ಹೆಚ್ಚಿನವರು ಚರ್ಚಿನ ಮೆಟ್ಟಿಲು ಹತ್ತಿದವರಲ್ಲ.

ಮುದಗಲ್ಲಿಗೆ ಹೋದವರು ಕೋಟೆ ನೋಡಿ ಬರುತ್ತಾರೆ. ಇನ್ನೊಮ್ಮೆ ಹೋದಾಗ ಆ ಹಳೆಯ ಚರ್ಚಿಗೂ ಹೋಗಿ ಬನ್ನಿ. ಒಳಗಿನವರ ಮಾತು ಕೇಳಿದ ಮೇಲೆ ಹೊರಗೆ ಪೇಟೆಯ ಯಾವುದಾದರೂ ಚಹಾದ ಅಂಗಡಿಯಲ್ಲಿ ಕೂತು, ಆ ಬೀದಿಯ ಕ್ರೈಸ್ತ ಮನೆಗಳವರು ಹೇಗೆ ಎಂದು ಅವರ ಮುಸ್ಲಿಂ, ಹಿಂದೂ ನೆರೆಯವರನ್ನು ಕೇಳಿ.