ಬರ್ಡ್ಸ್‌ವಿಲ್ ದಾರಿ: ಒಂಟೆಯಿಂದ ಲಾರಿಯವರೆಗೆ

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಮರ್ರೀ ಎಂಬ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್ ಎಂಬ ಇನ್ನೊಂದು ಪುಟ್ಟ ಊರಿಗೆ ಒಂದು ದಾರಿಯಿದೆ. ಉದ್ದ ಸುಮಾರು 517 ಕಿಲೋಮೀಟರ್. ಪಶ್ಚಿಮಕ್ಕೆ ಸಿಂಪ್ಸನ್ ಮರುಭೂಮಿಯ ಮರಳು ದಿಬ್ಬಗಳು, ಪೂರ್ವಕ್ಕೆ ಸ್ಟರ್ಟ್‌ನ ಕಲ್ಲು ಮರುಭೂಮಿ. ಬಹುಪಾಲು ಇಂದಿಗೂ ಡಾಂಬರು ಕಾಣದ ಈ ಹಾದಿಯನ್ನು ಸಾಹಸಪ್ರಿಯರು ಜೀಪುಗಳಲ್ಲಿ ಹಾಯುತ್ತಾರೆ. ಆದರೆ ಇದು ಸಾಹಸಕ್ಕಾಗಿ ಹುಟ್ಟಿದ ದಾರಿಯಲ್ಲ. ಇಲ್ಲಿ ನಡೆದವರೆಲ್ಲ ಮೊದಲು ಕೇಳಿದ ಪ್ರಶ್ನೆ ಒಂದೇ: ಮುಂದಿನ ನೀರು ಎಲ್ಲಿದೆ?

ಆ ಪ್ರಶ್ನೆಗೆ ಉತ್ತರ ಬಲ್ಲವರು ಮೊದಲೇ ಅಲ್ಲಿದ್ದರು. ದಿಯಾರಿ, ವಾಂಗ್‌ಕಂಗುರು ಮೊದಲಾದ ಮೂಲನಿವಾಸಿ ಜನ ಸಾವಿರಾರು ವರ್ಷಗಳಿಂದ ಈ ನೆಲದಲ್ಲಿ ಬಾಳಿದ್ದರು. ಮರಳು ದಿಬ್ಬಗಳ ನಡುವೆ ತೋಡಿದ ಬಾವಿಗಳನ್ನು ವಾಂಗ್‌ಕಂಗುರು ಜನ ‘ಮಿಕಿರಿ’ ಎನ್ನುತ್ತಿದ್ದರು. ಯಾವ ಮಿಕಿರಿ ಎಲ್ಲಿದೆ ಎಂಬುದು ಅವರ ನೆನಪಿನಲ್ಲೇ ಇತ್ತು. 1886ರಲ್ಲಿ ಸಿಂಪ್ಸನ್ ಮರುಭೂಮಿಯೊಳಕ್ಕೆ ಹೋದ ಭೂಮಾಪಕ ಡೇವಿಡ್ ಲಿಂಡ್ಸೆಗೆ ಈ ಬಾವಿಗಳನ್ನು ತೋರಿಸಿಕೊಟ್ಟವನು ಅಲ್ಲಿನವನೇ ಆದ ಒಬ್ಬ ಮಾರ್ಗದರ್ಶಿ. ಶೋಧಕನೆಂಬ ಕೀರ್ತಿ ಮಾತ್ರ ಲಿಂಡ್ಸೆಯ ಪಾಲಾಯಿತು.

1884ರಲ್ಲಿ ರೈಲು ಮರ್ರೀಗೆ ಬಂತು. ಆಗ ಆ ಊರಿನ ಹೆಸರು ಹರ್ಗಾಟ್ ಸ್ಪ್ರಿಂಗ್ಸ್. ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲುಗಳಲ್ಲಿ ಮೇಯ್ದ ದನಗಳನ್ನು ರೈಲಿಗೆ ಮುಟ್ಟಿಸಲು ಈ ದಾರಿಯಲ್ಲಿ ನಡೆಸಿಕೊಂಡು ಬರತೊಡಗಿದರು. ದನಕ್ಕೆ ನೀರು ಬೇಕು. ಆದ್ದರಿಂದ ಸರ್ಕಾರ ದಾರಿಯುದ್ದಕ್ಕೂ ಆಳವಾದ ಕೊಳವೆ ಬಾವಿಗಳನ್ನು ಕೊರೆಸಿತು. ಆಸ್ಟ್ರೇಲಿಯಾ ಖಂಡದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲದಡಿ ಹರಡಿರುವ ಗ್ರೇಟ್ ಆರ್ಟೀಸಿಯನ್ ಜಲಾಶಯದಿಂದ ನೀರು ತನ್ನ ಒತ್ತಡಕ್ಕೇ ಮೇಲೆ ಬರುತ್ತದೆ. ಬಹಳ ಆಳದಿಂದ ಬರುವುದರಿಂದ ಕೈಯಿಡಲಾಗದಷ್ಟು ಬಿಸಿ. ತೋಡಿನಲ್ಲಿ ಹರಿದು ಆರಿದ ಮೇಲೆಯೇ ದನ ಕುಡಿಯಬೇಕು.

ಸರಕು ಸಾಗಿಸಿದ್ದು ಒಂಟೆಗಳು. ಇಲ್ಲಿ ನಮ್ಮ ಉಪಖಂಡದ ಸಂಬಂಧ ಬರುತ್ತದೆ. 1860ರ ಬರ್ಕ್ ಮತ್ತು ವಿಲ್ಸ್ ಯಾತ್ರೆಗೆಂದು 24 ಒಂಟೆಗಳು ಕರಾಚಿಯಿಂದ ಹಡಗೇರಿದವು. 1866ರಲ್ಲಿ ನೂರಕ್ಕೂ ಹೆಚ್ಚು ಒಂಟೆಗಳು ಬಂದವು. ಜೊತೆಗೆ ಒಂಟೆ ಹೊಡೆಯುವವರೂ ಬಂದರು. ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೆಷಾವರಗಳಿಂದ ಬಂದ ಈ ಎಲ್ಲರನ್ನೂ ಅಲ್ಲಿನವರು ಒಟ್ಟಾಗಿ ‘ಅಫ್ಘನ್ನರು’ ಎಂದೇ ಕರೆದರು. ಮರ್ರೀಯಲ್ಲಿ ಅವರು ಮಣ್ಣಿನ ಗೋಡೆಯ ಮಸೀದಿ ಕಟ್ಟಿದರು, ಖರ್ಜೂರದ ಮರ ನೆಟ್ಟರು. ಬಲೂಚಿಸ್ತಾನದಲ್ಲಿ ಹುಟ್ಟಿದ ಬೆಜಾ ದರ್ವೇಶ್ 1896ರ ಕ್ಯಾಲ್ವರ್ಟ್ ಯಾತ್ರೆಯಲ್ಲಿ ಒಂಟೆಗಳ ಹೊಣೆ ಹೊತ್ತಿದ್ದರು. ಯಾತ್ರೆಯ ನಾಯಕ ಲಾರೆನ್ಸ್ ವೆಲ್ಸ್ ಮೆಚ್ಚಿ ತನ್ನ ದಿಕ್ಸೂಚಿಯನ್ನೇ ಅವರಿಗೆ ಕೊಟ್ಟ. ಆದರೆ 1901ರ ವಲಸೆ ನಿರ್ಬಂಧ ಕಾಯ್ದೆ ಇಂಥ ಏಷ್ಯನ್ನರಿಗೆ ದೇಶದ ಬಾಗಿಲು ಮುಚ್ಚಿತು. ಲಾರಿಗಳು ಬಂದ ಮೇಲೆ ಒಂಟೆಗಳೂ ಬೇಡವಾದವು. ಅಲೆಯುವ ಒಂಟೆಗಳನ್ನು ಕೊಲ್ಲಲು ದಕ್ಷಿಣ ಆಸ್ಟ್ರೇಲಿಯಾ 1925ರಲ್ಲಿ ಕಾನೂನನ್ನೇ ಮಾಡಿತು.

ಲಾರಿಯ ಯುಗದ ಹೆಸರು ಟಾಮ್ ಕ್ರೂಸ್. ಹಾಲಿವುಡ್ಡಿನ ನಟನಲ್ಲ, ಅಂಚೆ ಸಾಗಿಸುವ ಚಾಲಕ. 1936ರಿಂದ ಎರಡು ದಶಕಕ್ಕೂ ಮಿಕ್ಕಿ, ಹದಿನೈದು ದಿನಕ್ಕೊಮ್ಮೆ ಈ ದಾರಿಯಲ್ಲಿ ಲಾರಿ ಹೊಡೆದವರು ಅವರು. ಕಾಗದ, ಹಿಟ್ಟು, ಔಷಧಿ, ಪೆಟ್ರೋಲು, ಕೆಲವೊಮ್ಮೆ ಪ್ರಯಾಣಿಕರು, ಎಲ್ಲವೂ ಅದೇ ಲಾರಿಯಲ್ಲಿ. ಮರಳು ದಿಬ್ಬ ಎದುರಾದರೆ ಚಕ್ರದಡಿ ಕಬ್ಬಿಣದ ಹಾಳೆ ಹಾಸಿ, ದಾಟಿ, ಮತ್ತೆ ಎತ್ತಿ ಮುಂದಕ್ಕೆ ಹಾಸುವುದು. ಕೂಪರ್ ಹೊಳೆಗೆ ನೆರೆ ಬಂದರೆ ಸರಕು ಇಳಿಸಿ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸುವುದು. ಜಾನ್ ಹೇಯರ್ 1954ರಲ್ಲಿ ಇವರನ್ನೇ ನಾಯಕನಾಗಿಸಿ ‘ದಿ ಬ್ಯಾಕ್ ಆಫ್ ಬಿಯಾಂಡ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದು ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ದಾರಿಯ ಜನ ತಮ್ಮ ಪಾತ್ರಗಳನ್ನು ತಾವೇ ನಿರ್ವಹಿಸಿದ ಆ ಚಿತ್ರದಲ್ಲಿ ಮುದುಕರಾದ ಬೆಜಾ ದರ್ವೇಶರೂ ಇದ್ದಾರೆ. ದೃಶ್ಯಮಾಧ್ಯಮದಲ್ಲಿ ದುಡಿಯುವ ನಮ್ಮಂಥವರಿಗೆ ಅದು ಇಂದಿಗೂ ಒಂದು ಪಾಠ.

ಇಂಥ ದಾರಿಯ ಇನ್ನೊಂದು ಕಾಟವೆಂದರೆ ಛಾವಣಿಯ ತಗಡಿನಂತೆ ಏಳುವ ಅಡ್ಡ ಅಲೆಗಳು. ಆಸ್ಟ್ರೇಲಿಯಾ ಮೂಲದ ಭೌತವಿಜ್ಞಾನಿ ಕೀತ್ ಮೇದರ್ 1963ರಲ್ಲಿ ಇದಕ್ಕೆ ವಿವರಣೆ ನೀಡಿದರು. ಚಕ್ರ ಸಣ್ಣ ಉಬ್ಬಿನ ಮೇಲೆ ಹಾರಿ ಬಿದ್ದಲ್ಲಿ ಮಣ್ಣು ಚದುರಿ ಗುಣಿಯಾಗುತ್ತದೆ. ಗುಣಿಯ ಅಂಚು ಮುಂದಿನ ಹಾರಾಟಕ್ಕೆ ಉಬ್ಬಾಗುತ್ತದೆ. 2007ರಲ್ಲಿ ಟೊರಾಂಟೊ, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಸಂಶೋಧಕರೂ ಇದ್ದ ತಂಡವೊಂದು ತಿರುಗುವ ಮರಳಿನ ಹಾಸಿನ ಮೇಲೆ ಚಕ್ರ ಓಡಿಸಿ ನೋಡಿತು. ಒಂದು ಮಿತಿಗಿಂತ ವೇಗ ಕಡಿಮೆಯಿದ್ದರೆ ಅಲೆ ಏಳುವುದೇ ಇಲ್ಲ. ಆದರೆ ಆ ಮಿತಿ ಕಾಲ್ನಡಿಗೆಗಿಂತ ತುಸುವೇ ಹೆಚ್ಚು. ಒಂಟೆಯ ಪಾದಕ್ಕೆ ಈ ಕಾಟವಿರಲಿಲ್ಲ. ವೇಗ ಬಯಸಿದ ವಾಹನವೇ ಇದನ್ನು ತಂದುಕೊಂಡಿತು.

ವೇಗದ ಜೊತೆಗೆ ಬಂದದ್ದು ಇನ್ನೂ ದೊಡ್ಡ ಅಪಾಯ. ದನ ನಡೆಸುವವನು ನೀರಿನ ಲೆಕ್ಕದಲ್ಲಿ ದಿನ ಎಣಿಸುತ್ತಿದ್ದ. ಕಾರಿನಲ್ಲಿ ಬಂದವನು ಪೆಟ್ರೋಲಿನ ಲೆಕ್ಕ ಮಾತ್ರ ಹಾಕಿದ. 1963ರ ಡಿಸೆಂಬರಿನ ಉರಿಬಿಸಿಲಿನಲ್ಲಿ ಐದು ಜನರ ಒಂದು ಕುಟುಂಬ ಇಲ್ಲಿ ದಾರಿ ತಪ್ಪಿತು. ಪೆಟ್ರೋಲು ಮುಗಿಯಿತು. ಅವರು ಕಾರನ್ನು ಬಿಟ್ಟು ನಡೆದರು. ಐವರೂ ಬಾಯಾರಿಕೆಯಿಂದ ಸತ್ತರು. ಅಲ್ಲಿ ಇಂದಿಗೂ ಪ್ರಯಾಣಿಕರಿಗೆ ಹೇಳುವ ಮೊದಲ ಮಾತು ಇದು: ಏನೇ ಆದರೂ ವಾಹನ ಬಿಟ್ಟು ಹೋಗಬೇಡಿ. ಕಾರಣ ಸರಳ. ವಾಹನ ನೆರಳು ಕೊಡುತ್ತದೆ, ವಿಮಾನದಿಂದ ನೋಡುವವರಿಗೆ ಕಾಣುತ್ತದೆ. ನಡೆಯುವ ಮನುಷ್ಯ ಕಾಣುವುದಿಲ್ಲ, ಅಲ್ಲದೆ ನಡೆದಷ್ಟೂ ಅವನ ಮೈಯ ನೀರು ಬೆವರಾಗಿ ಹೋಗುತ್ತದೆ.

ಈಗ ಉಪಗ್ರಹ ದೂರವಾಣಿ ಇದೆ, ಒಂದು ಗುಂಡಿ ಒತ್ತಿದರೆ ಇರುವ ಜಾಗವನ್ನು ತಿಳಿಸುವ ಉಪಕರಣವೂ ಇದೆ. ಟಾಮ್ ಕ್ರೂಸ್ 2011ರಲ್ಲಿ ತೀರಿಕೊಂಡರು. ಅವರ ಲೇಲ್ಯಾಂಡ್ ಬ್ಯಾಡ್ಜರ್ ಲಾರಿ ದುರಸ್ತಿಗೊಂಡು ಬರ್ಡ್‌ವುಡ್‌ನ ಮೋಟಾರು ವಸ್ತುಸಂಗ್ರಹಾಲಯ ಸೇರಿದೆ. ಹತ್ತಾರು ವರ್ಷ ಹಗಲೂ ರಾತ್ರಿ ಹರಿಯಲು ಬಿಟ್ಟ ಕೊಳವೆ ಬಾವಿಗಳಿಂದ ನೆಲದಡಿಯ ಒತ್ತಡ ಕುಸಿಯಿತು. ಹಾಗಾಗಿ ಅವುಗಳಿಗೆ ಮುಚ್ಚಳ ಹಾಕಿ ನೀರುಳಿಸುವ ಯೋಜನೆಯೊಂದು 1999ರಲ್ಲಿ ಆರಂಭವಾಯಿತು. ಮಿಕಿರಿ ತೋಡಿದವರು ಆ ನೀರನ್ನು ಬೇಕಾದಷ್ಟೇ ಬಳಸಿ ಬಾಳಿದ್ದರು. ದಾರಿಯ ಚರಿತ್ರೆ ಬರೆಯುವಾಗ ಲಾರಿಗೂ ಮುಂಚಿನ ಈ ಜನರಿಂದಲೇ ಮೊದಲುಮಾಡುವುದು ನ್ಯಾಯ.